ಗಂಡು ಗಿಡ, ಹೆಣ್ಣು ಗಿಡ: ಕ್ಯಾಂಪಿಯನ್ ಹೂವಿನ ಕಥೆ

ಬೆಲ್ಲದ ಡಬ್ಬಿಗೆ ಇರುವೆ ಹತ್ತದಿರಲೆಂದು ಅದನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುವುದನ್ನು ನೀವು ಮನೆಯಲ್ಲಿ ನೋಡಿರುತ್ತೀರಿ. ಇದೇ ಉಪಾಯವನ್ನು ಬೇರೊಂದು ರೀತಿಯಲ್ಲಿ ಬಳಸುವ ಹೂಗಿಡಗಳುಂಟು. ಅವುಗಳ ಕಾಂಡದ ಮೇಲೆ, ಗೆಣ್ಣಿನ ಕೆಳಗೆ, ಕಪ್ಪಗೆ ಮಿರುಗುವ ಅಂಟಿನ ಪಟ್ಟಿ ಇರುತ್ತದೆ. ಹೂವಿನ ಮಕರಂದಕ್ಕೆಂದು ಕೆಳಗಿನಿಂದ ಹತ್ತಿ ಬರುವ ಇರುವೆ ಈ ಪಟ್ಟಿಯನ್ನು ದಾಟಲಾರದು. ಕಾಲಿಟ್ಟರೆ ಹಲಸಿನ ಮೇಣಕ್ಕೆ ಸಿಕ್ಕಿದ ಹಾಗೆ ಸಿಕ್ಕಿಕೊಳ್ಳುತ್ತದೆ. ಸಣ್ಣ ನೊಣಗಳೂ ಇದಕ್ಕೆ ಅಂಟಿ ಸಾಯುವುದರಿಂದ ಇಂಗ್ಲಿಷರು ಈ ಗಿಡಗಳನ್ನು ‘ಕ್ಯಾಚ್‌ಫ್ಲೈ’, ಅಂದರೆ ನೊಣಹಿಡುಕ ಎಂದು ಕರೆದರು.

ಹೆಸರು ಕೇಳಿ ಇವು ಹೂಜಿಗಿಡ, ಇಬ್ಬನಿ ಗಿಡಗಳ ಹಾಗೆ ಕೀಟಗಳನ್ನು ತಿನ್ನುತ್ತವೆ ಎಂದು ಭಾವಿಸಬೇಡಿ. ಕೀಟಾಹಾರಿ ಸಸ್ಯಗಳ ಪಟ್ಟಿಯಲ್ಲಿ ಇವುಗಳಿಗೆ ಸ್ಥಾನವಿಲ್ಲ. ಅಂಟು ಇರುವುದು ಊಟಕ್ಕಲ್ಲ, ಕಾವಲಿಗೆ. ಹಾರಿ ಬರುವ ದುಂಬಿಯಾಗಲಿ ಪತಂಗವಾಗಲಿ ಒಂದು ಹೂವಿನ ಪರಾಗವನ್ನು ಮತ್ತೊಂದಕ್ಕೆ ಮುಟ್ಟಿಸುತ್ತದೆ. ತೆವಳಿ ಬರುವ ಇರುವೆ ಮಕರಂದವನ್ನು ಕದ್ದು ಬಂದ ದಾರಿಯಲ್ಲೇ ಇಳಿದು ಹೋಗುತ್ತದೆ. ಗಿಡಕ್ಕೆ ಅದರಿಂದ ಪ್ರಯೋಜನವಿಲ್ಲ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಕೆರ್ನರ್ 1876ರಲ್ಲೇ ಇಂಥ ಕರೆಯದ ಅತಿಥಿಗಳಿಂದ ಹೂಗಳು ಹೇಗೆ ರಕ್ಷಣೆ ಪಡೆಯುತ್ತವೆ ಎಂಬ ಬಗ್ಗೆ ಒಂದು ಪುಸ್ತಕವನ್ನೇ ಬರೆದ.

ಕ್ಯಾಚ್‌ಫ್ಲೈಗಳಿಗೆ ತೀರ ಹತ್ತಿರದ ಸಂಬಂಧಿಗಳು ‘ಕ್ಯಾಂಪಿಯನ್’ ಹೂಗಳು. ಇವೆರಡೂ ಬೇರೆ ಬೇರೆ ಗುಂಪುಗಳೇನಲ್ಲ. ಅಂಟು ಹೆಚ್ಚಾಗಿದ್ದರೆ ಕ್ಯಾಚ್‌ಫ್ಲೈ, ಇಲ್ಲದಿದ್ದರೆ ಕ್ಯಾಂಪಿಯನ್ ಎಂದು ಜನ ಕರೆಯುತ್ತ ಬಂದರು, ಅಷ್ಟೆ. ಸಸ್ಯಶಾಸ್ತ್ರದಲ್ಲಿ ಹೆಚ್ಚಿನವೆಲ್ಲ ‘ಸೈಲೀನಿ’ ಎಂಬ ಒಂದೇ ಕುಲಕ್ಕೆ ಸೇರುತ್ತವೆ. ಗ್ರೀಕ್ ಪುರಾಣದಲ್ಲಿ ಮದ್ಯದ ದೇವತೆ ಡಯೋನೈಸಸ್‌ನನ್ನು ಸಾಕಿ ಬೆಳೆಸಿದ ಸೈಲೀನಸ್ ಎಂಬ ಕುಡುಕ ಮುದುಕನೊಬ್ಬನಿದ್ದಾನೆ. ಅವನ ಹೆಸರೇ ಕುಲಕ್ಕೆ ಬಂದಿದೆ ಎಂದು ಕೆಲವರು, ಜೊಲ್ಲು ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಅಂಟಂಟು ಗಿಡಕ್ಕೆ ಎರಡೂ ಒಪ್ಪುತ್ತವೆ. ಹಳೆಯ ಪುಸ್ತಕಗಳಲ್ಲಿ ಇದೇ ಗಿಡಗಳಿಗೆ ಲಿಕ್ನಿಸ್, ಮೆಲಾಂಡ್ರಿಯಂ ಎಂಬ ಹೆಸರುಗಳು ಕಂಡರೆ ಗಾಬರಿಯಾಗಬೇಡಿ.

ನಮ್ಮ ಹೂವಿನ ಅಂಗಡಿಗಳಲ್ಲಿ ಸಿಗುವ ಕಾರ್ನೇಷನ್ ಇದೇ ಕುಟುಂಬದ ಹೂವು. ಸೈಲೀನಿ ಈ ಕುಟುಂಬದಲ್ಲೇ ಅತಿ ದೊಡ್ಡ ಕುಲ. 700ಕ್ಕೂ ಹೆಚ್ಚು ಪ್ರಭೇದಗಳಿವೆ. ಯುರೋಪು, ಪಶ್ಚಿಮ ಏಷ್ಯಾ ಮುಂತಾದ ತಂಪು ನಾಡುಗಳಲ್ಲಿ ಇವು ಹೆಚ್ಚು. ನಮ್ಮ ದೇಶದಲ್ಲಿ ಹಿಮಾಲಯದ ಕಡೆಗೆ ಹೋದರೆ ಹಲವು ಪ್ರಭೇದಗಳು ಕಾಣಸಿಗುತ್ತವೆ. ಗುರುತು ಹಿಡಿಯುವುದು ಕಷ್ಟವಲ್ಲ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಗೆಣ್ಣು ಉಬ್ಬಿರುತ್ತದೆ. ಹೂವಿಗೆ ಐದು ದಳ, ಬಹುಮಟ್ಟಿಗೆ ಪ್ರತಿ ದಳವೂ ತುದಿಯಲ್ಲಿ ಸೀಳಿದಂತಿರುತ್ತದೆ. ಹೂವಿನ ಕೆಳಗಿನ ಪುಷ್ಪಪಾತ್ರೆ ಒಂದೇ ಕೊಳವೆಯಾಗಿ ಕೂಡಿಕೊಂಡಿರುತ್ತದೆ. ಕಾಯಿ ಒಣಗಿದಾಗ ತುದಿಯಲ್ಲಿ ಸಣ್ಣ ಹಲ್ಲುಗಳಂತೆ ತೆರೆದುಕೊಳ್ಳುತ್ತದೆ. ಗಾಳಿ ಬಂದು ಗಿಡ ಅಲುಗಿದಾಗ ಅದರಿಂದ ಬೀಜ ಉದುರುತ್ತದೆ.

ಪ್ರಭೇದಗಳ ವೈವಿಧ್ಯ ಬಹಳ. ಬ್ಲಾಡರ್ ಕ್ಯಾಂಪಿಯನ್ನಿನ ಪುಷ್ಪಪಾತ್ರೆ ಗಾಳಿ ತುಂಬಿದ ಪುಟ್ಟ ಬುಗ್ಗೆಯ ಹಾಗೆ ಉಬ್ಬಿರುತ್ತದೆ. ಇದರ ಎಳೆಯ ಸೊಪ್ಪನ್ನು ಸ್ಪೇನ್, ಇಟಲಿಗಳಲ್ಲಿ ಅಡುಗೆಗೆ ಬಳಸುತ್ತಾರೆ. ಸತು, ತಾಮ್ರಗಳ ಗಣಿಯ ಕಸ ಸುರಿದ, ಬೇರೆ ಗಿಡ ಬದುಕಲಾರದ ನೆಲದಲ್ಲೂ ಇದರ ಕೆಲವು ತಳಿಗಳು ಬೆಳೆಯುತ್ತವೆ. ಮಾಸ್ ಕ್ಯಾಂಪಿಯನ್ ಉತ್ತರ ಧ್ರುವದ ಸುತ್ತಲಿನ ನಾಡುಗಳಲ್ಲೂ ಎತ್ತರದ ಪರ್ವತಗಳಲ್ಲೂ ಹಾವಸೆಯ ದಿಂಬಿನ ಹಾಗೆ ನೆಲಕ್ಕೆ ಒತ್ತಿಕೊಂಡು ಬೆಳೆಯುತ್ತದೆ. ಅಲಾಸ್ಕದಲ್ಲಿ ಮುನ್ನೂರು ವರ್ಷಕ್ಕೂ ಮೀರಿ ಬದುಕುವ ದಿಂಬುಗಳಿವೆ ಎಂದು ಲೆಕ್ಕ ಹಾಕಲಾಗಿದೆ. ಜಿಬ್ರಾಲ್ಟರ್ ಬಂಡೆಯ ಮೇಲಷ್ಟೇ ಇದ್ದ ಒಂದು ಕ್ಯಾಂಪಿಯನ್ ಅಳಿದೇ ಹೋಯಿತೆಂದು 1992ರ ವೇಳೆಗೆ ಎಲ್ಲರೂ ಕೈಬಿಟ್ಟಿದ್ದರು. 1994ರಲ್ಲಿ ಬಂಡೆ ಹತ್ತುವ ಹವ್ಯಾಸಿಯೊಬ್ಬರ ಕಣ್ಣಿಗೆ ಅದು ಮತ್ತೆ ಬಿತ್ತು.

ಸೈಬೀರಿಯದ ಸೈಲೀನಿ ಸ್ಟೆನೊಫಿಲ್ಲ ಪತ್ರಿಕೆಗಳ ಮುಖಪುಟಕ್ಕೂ ಬಂದ ಗಿಡ. ಕೊಲಿಮಾ ನದಿಯ ದಡದಲ್ಲಿ, ಸದಾ ಹೆಪ್ಪುಗಟ್ಟಿರುವ ನೆಲದ 38 ಮೀಟರ್ ಆಳದಲ್ಲಿ, ಅಳಿಲುಗಳು ಕೂಡಿಟ್ಟ ಕಾಯಿಗಳ ಕಣಜ ಸಿಕ್ಕಿತು. ಅವುಗಳ ವಯಸ್ಸು ಸುಮಾರು 31,800 ವರ್ಷ. ರಷ್ಯಾದ ವಿಜ್ಞಾನಿಗಳು ಬಲಿಯದ ಕಾಯಿಯೊಳಗಿನ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಪೋಷಿಸಿ 36 ಗಿಡಗಳನ್ನು ಬೆಳೆಸಿದರು. ಈ ಸುದ್ದಿ ಪ್ರಕಟವಾದದ್ದು 2012ರಲ್ಲಿ. ಬೀಜವೇ ಮೊಳೆತಿತು ಎಂದು ಕೆಲವೆಡೆ ಬರೆದದ್ದುಂಟು, ಅದು ಸರಿಯಲ್ಲ. ಆದರೂ ಆ ಗಿಡಗಳು ಹೂಬಿಟ್ಟು, ಪರಾಗಸ್ಪರ್ಶ ಮಾಡಿದಾಗ ಮೊಳೆಯುವ ಬೀಜಗಳನ್ನು ಕೊಟ್ಟವು.

ಇಷ್ಟೆಲ್ಲ ಪ್ರಭೇದಗಳಿದ್ದರೂ ವಿಜ್ಞಾನಿಗಳು ಒಂದೂವರೆ ಶತಮಾನದಿಂದ ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಿರುವುದು ಹೊಲದ ಬದುವಿನಲ್ಲಿ ಬೆಳೆಯುವ ಒಂದು ಕಳೆಯ ಕಡೆಗೆ. ಅದೇ ಬಿಳಿ ಕ್ಯಾಂಪಿಯನ್. ಶಾಸ್ತ್ರೀಯ ಹೆಸರು ಸೈಲೀನಿ ಲ್ಯಾಟಿಫೋಲಿಯ.

ಅದರ ವಿಶೇಷವೇನು? ದಾಸವಾಳವನ್ನೋ ತುಂಬೆಯನ್ನೋ ಬಿಡಿಸಿ ನೋಡಿದರೆ ಒಂದೇ ಹೂವಿನಲ್ಲಿ ಪರಾಗ ಕೊಡುವ ಕೇಸರಗಳೂ ಬೀಜ ಕಟ್ಟುವ ಅಂಡಾಶಯವೂ ಇರುತ್ತವೆ. ಹೆಚ್ಚಿನ ಹೂಗಿಡಗಳ ರೀತಿ ಇದು. ಬಿಳಿ ಕ್ಯಾಂಪಿಯನ್ನಿನಲ್ಲಿ ಹಾಗಲ್ಲ. ಒಂದು ಗಿಡದಲ್ಲಿ ಬರೀ ಗಂಡು ಹೂ, ಇನ್ನೊಂದರಲ್ಲಿ ಬರೀ ಹೆಣ್ಣು ಹೂ. ನಮ್ಮಲ್ಲಿ ಪರಂಗಿ ಬೆಳೆದವರಿಗೆ ಇದು ಹೊಸ ವಿಷಯವಲ್ಲ. ಸಸಿ ನೆಟ್ಟು, ನೀರು ಗೊಬ್ಬರ ಹಾಕಿ, ತಿಂಗಳುಗಟ್ಟಲೆ ಕಾದ ಮೇಲೆ ಉದ್ದನೆಯ ಗೊಂಚಲಿನ ಹೂ ಬಿಟ್ಟು ‘ಗಂಡು’ ಎಂದು ತಿಳಿದಾಗ ಗಿಡ ಕಡಿಯಬೇಕಾಗುತ್ತದೆ. ತಾಳೆ, ಜಾಯಿಕಾಯಿಗಳೂ ಹೀಗೆಯೇ. ಹೂ ಬಿಡುವ ಮುನ್ನ ಹೊರನೋಟದಿಂದ ತಿಳಿಯುವುದು ಕಷ್ಟ. ಕ್ಯಾಂಪಿಯನ್ನಿನಲ್ಲಿ ಹೂ ಬಿಟ್ಟರೆ ಸಾಕು, ದಳ ಬಿಡಿಸುವುದೂ ಬೇಡ: ಗಂಡು ಹೂವಿನ ಪುಷ್ಪಪಾತ್ರೆಯ ಮೇಲೆ ಹತ್ತು ನರಗಳು, ಹೆಣ್ಣು ಹೂವಿನದರ ಮೇಲೆ ಇಪ್ಪತ್ತು.

ಹಾಗಾದರೆ ಒಂದೇ ಕಾಯಿಯ ಬೀಜಗಳಲ್ಲಿ ಒಂದು ಗಂಡಾಗಿ, ಒಂದು ಹೆಣ್ಣಾಗಿ ಬೆಳೆಯುವುದು ಏಕೆ? ನೆಲದ ಸಾರವೆ? ಬಿಸಿಲೆ? ಅಥವಾ ಬೀಜದಲ್ಲೇ ನಿರ್ಧಾರವಾಗಿರುತ್ತದೆಯೆ?

ಈ ಪ್ರಶ್ನೆಯ ಹತ್ತಿರ ಬಂದವರಲ್ಲಿ ಒಬ್ಬರು ನಿಮಗೆಲ್ಲ ಪರಿಚಿತರಾದ ಗ್ರೆಗರ್ ಮೆಂಡೆಲ್. ಬಟಾಣಿ ಪ್ರಯೋಗದ ಮೆಂಡೆಲ್ ಕ್ಯಾಂಪಿಯನ್ನಿನ ಮೇಲೂ ಪ್ರಯೋಗ ಮಾಡಿದ್ದರು ಎಂಬುದು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಕೆಂಪು ಮತ್ತು ಬಿಳಿ ಕ್ಯಾಂಪಿಯನ್‌ಗಳನ್ನು ಸಂಕರಗೊಳಿಸಿ ಬೆಳೆಸಿದ ಗಿಡಗಳನ್ನು ಅವರು ಎಣಿಸಿದರು. ಹೂಬಿಟ್ಟ 203 ಗಿಡಗಳಲ್ಲಿ 151 ಹೆಣ್ಣು, 52 ಗಂಡು. 1870ರಲ್ಲಿ ಮ್ಯೂನಿಕ್‌ನ ಪ್ರೊಫೆಸರ್ ನೇಗೆಲಿಗೆ ಬರೆದ ಪತ್ರದಲ್ಲಿ ಇದನ್ನು ತಿಳಿಸಿ, ನಾಲ್ಕರಲ್ಲಿ ಒಂದು ಗಂಡು ಬಂದದ್ದು ಆಕಸ್ಮಿಕವೋ, ಬಟಾಣಿಯಲ್ಲಿ ಕಂಡ ಅನುಪಾತದಂತೆ ಅರ್ಥವುಳ್ಳದ್ದೋ ಎಂದು ಕೇಳಿದರು. ಅರ್ಥವುಳ್ಳದ್ದೆಂದು ಒಪ್ಪಲು ಅವರಿಗೇ ಧೈರ್ಯ ಬರಲಿಲ್ಲ. ಒಪ್ಪಿದರೆ ವಿಚಿತ್ರ ತೀರ್ಮಾನಗಳಿಗೆ ಬರಬೇಕಾಗುತ್ತಿತ್ತು. ಗಂಡು ಹೆಣ್ಣೆಂಬುದೂ ಬಟಾಣಿಯ ಬಣ್ಣದಂತೆ ಅನುವಂಶೀಯ ಗುಣ ಎನ್ನುವುದು ಅಂದಿಗೆ ತೀರ ಹೊಸ ಮಾತು.

ಮೆಂಡೆಲ್ ಅವರ ಸಂಶೋಧನೆಯನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಕಾರ್ಲ್ ಕೊರೆನ್ಸ್ ಇದೇ ನೇಗೆಲಿಯ ಶಿಷ್ಯರು. ಮೆಂಡೆಲ್ ಬರೆದ ಪತ್ರಗಳನ್ನು 1905ರಲ್ಲಿ ಪ್ರಕಟಿಸಿದವರೂ ಅವರೇ. ಕ್ಯಾಂಪಿಯನ್ನಿನಲ್ಲಿ ಹೆಣ್ಣು ಗಿಡಗಳು ಯಾಕೆ ಹೆಚ್ಚು ಎಂಬುದನ್ನು ಅವರು ಬಹಳ ಸರಳವಾದ ಪ್ರಯೋಗದಿಂದ ಪರೀಕ್ಷಿಸಿದರು. ಕೆಲವು ಹೆಣ್ಣು ಹೂಗಳಿಗೆ ಪರಾಗವನ್ನು ಧಾರಾಳವಾಗಿ ಹಾಕಿದರು, ಕೆಲವಕ್ಕೆ ಸ್ವಲ್ಪವೇ ಹಾಕಿದರು. 1917ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪರಾಗ ಹೆಚ್ಚಾದಲ್ಲಿ ಹೆಣ್ಣು ಸಸಿಗಳು ಬಹಳ ಹೆಚ್ಚು, ಪರಾಗ ಕಡಿಮೆಯಾದಲ್ಲಿ ಗಂಡು ಹೆಣ್ಣುಗಳ ಸಂಖ್ಯೆ ಸಮಕ್ಕೆ ಹತ್ತಿರ ಬಂತು. ಇದರಿಂದ ಏನು ತಿಳಿಯಿತು? ಪರಾಗದ ಕಣಗಳಲ್ಲಿ ಎರಡು ಬಗೆ ಇವೆ, ಹೆಣ್ಣು ಹುಟ್ಟಿಸುವವು ಮತ್ತು ಗಂಡು ಹುಟ್ಟಿಸುವವು. ಪ್ರತಿ ಕಣವೂ ಶಲಾಕಾಗ್ರದ ಮೇಲೆ ಬಿದ್ದು, ಒಂದು ನಳಿಕೆಯನ್ನು ಬೆಳೆಸಿ ಕೆಳಗಿನ ಅಂಡಗಳವರೆಗೆ ಹೋಗಬೇಕು. ಇದೊಂದು ಓಟದ ಪಂದ್ಯ. ಓಟಗಾರರು ಕಡಿಮೆಯಿದ್ದರೆ ಎಲ್ಲರಿಗೂ ಅಂಡ ಸಿಗುತ್ತದೆ. ನೂಕುನುಗ್ಗಲಾದರೆ ವೇಗದವರಿಗೆ ಮಾತ್ರ. ಹೆಣ್ಣು ಹುಟ್ಟಿಸುವ ಕಣಗಳೇ ವೇಗದವು ಎಂದು ಕೊರೆನ್ಸ್ ವಿವರಿಸಿದರು. ಸೂಕ್ಷ್ಮದರ್ಶಕದ ಸಹಾಯವೂ ಇಲ್ಲದೆ, ಬರೀ ಸಸಿ ಎಣಿಸಿ ಇಷ್ಟು ದೂರ ಬಂದದ್ದು ನನಗಂತೂ ಇಡೀ ಕಥೆಯಲ್ಲೇ ಮೆಚ್ಚಿನ ಭಾಗ.

ಸೂಕ್ಷ್ಮದರ್ಶಕದ ಸಾಕ್ಷ್ಯ ದೊರೆತದ್ದು 1923ರಲ್ಲಿ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಕ್ಯಾಥ್ಲೀನ್ ಬ್ಲ್ಯಾಕ್‌ಬರ್ನ್, ಡೆನ್ಮಾರ್ಕಿನಲ್ಲಿ ವಿಂಗೆ, ಇಬ್ಬರೂ ಬೇರೆ ಬೇರೆಯಾಗಿ ಕ್ಯಾಂಪಿಯನ್ನಿನ ಜೀವಕೋಶಗಳನ್ನು ನೋಡಿದರು. ಅದರಲ್ಲಿ 24 ವರ್ಣತಂತುಗಳಿವೆ. ಇಪ್ಪತ್ತೆರಡು ಎರಡು ಲಿಂಗಗಳಲ್ಲೂ ಒಂದೇ ಬಗೆ. ಉಳಿದ ಜೋಡಿ ಹೆಣ್ಣಿನಲ್ಲಿ ಎಕ್ಸ್ ಎಕ್ಸ್, ಗಂಡಿನಲ್ಲಿ ಎಕ್ಸ್ ವೈ. ನಮ್ಮ ನಿಮ್ಮ ದೇಹದಲ್ಲಿರುವ ವ್ಯವಸ್ಥೆಯೇ! ಹೂಬಿಡುವ ಸಸ್ಯಗಳಲ್ಲಿ ಲಿಂಗ ವರ್ಣತಂತುಗಳನ್ನು ಮೊದಮೊದಲು ಗುರುತಿಸಿದ ಕೆಲವೇ ಗಿಡಗಳಲ್ಲಿ ಇದೂ ಒಂದು. ಆದರೆ ಒಂದು ವ್ಯತ್ಯಾಸವಿದೆ. ಮನುಷ್ಯನ ವೈ ವರ್ಣತಂತು ಎಕ್ಸ್‌ಗಿಂತ ಬಹಳ ಚಿಕ್ಕದು. ಕ್ಯಾಂಪಿಯನ್ನಿನ ವೈ ತನ್ನ ಎಕ್ಸ್‌ಗಿಂತ ದೊಡ್ಡದು.

ಇಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ಗಂಡಾಗುವುದು ವೈ ಇರುವುದರಿಂದಲೋ ಅಥವಾ ಎಕ್ಸ್ ಒಂದೇ ಇರುವುದರಿಂದಲೋ? ಹಣ್ಣುನೊಣದಲ್ಲಿ ಎರಡನೆಯದೇ ಸರಿಯೆಂದು ಆ ಕಾಲಕ್ಕೆ ತಿಳಿದಿತ್ತು. ಅಲ್ಲಿ ಎಕ್ಸ್‌ಗಳ ಎಣಿಕೆ ಮುಖ್ಯ. ವೈ ಇಲ್ಲದಿದ್ದರೂ ಗಂಡು ನೊಣ ಹುಟ್ಟುತ್ತದೆ, ಅದಕ್ಕೆ ಸಂತಾನ ಆಗದು, ಅಷ್ಟೆ. ಕ್ಯಾಂಪಿಯನ್ನಿನಲ್ಲಿ ಹೇಗೆ? 1940ರ ಆಸುಪಾಸಿನಲ್ಲಿ ಅಮೆರಿಕದ ವಾರ್ಮ್‌ಕಿ ಮತ್ತು ಬ್ಲೇಕ್ಸ್‌ಲೀ, ಡೆನ್ಮಾರ್ಕಿನ ವೆಸ್ಟರ್‌ಗಾರ್ಡ್ ಅವರು ವರ್ಣತಂತುಗಳ ಸಂಖ್ಯೆ ಇಮ್ಮಡಿಯಾದ ಗಿಡಗಳನ್ನು ಬೆಳೆಸಿ ನೋಡಿದರು. ಮೂರು ಎಕ್ಸ್‌ಗಳ ಜೊತೆಗೆ ಒಂದೇ ಒಂದು ವೈ ಇದ್ದರೂ ಗಿಡ ಗಂಡೇ ಆಯಿತು. ವೈ ಬಂದರೆ ಗಂಡು. ಎಕ್ಸ್‌ಗಳ ಬಹುಮತ ಲೆಕ್ಕಕ್ಕಿಲ್ಲ. ಮನುಷ್ಯರಲ್ಲೂ ಹೀಗೆಯೇ ಎಂದು ಖಚಿತವಾದದ್ದು 1959ರಲ್ಲಿ. ಬದುವಿನ ಕಳೆ ನಮಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ಉತ್ತರ ಕೊಟ್ಟಿತ್ತು.

ವೆಸ್ಟರ್‌ಗಾರ್ಡ್ ಮುಂದುವರಿದು ವೈ ವರ್ಣತಂತುವಿನ ತುಂಡುಗಳು ಕಳೆದುಹೋದ ಗಿಡಗಳನ್ನು ಪರೀಕ್ಷಿಸಿದರು. ಒಂದು ಭಾಗ ಹೋದರೆ ಗಿಡ ದ್ವಿಲಿಂಗಿಯಾಗುತ್ತಿತ್ತು, ಒಂದೇ ಹೂವಿನಲ್ಲಿ ಕೇಸರವೂ ಅಂಡಾಶಯವೂ ಬರುತ್ತಿದ್ದವು. ಇನ್ನೊಂದು ಭಾಗ ಹೋದರೆ ಕೇಸರ ಅರ್ಧಕ್ಕೇ ನಿಲ್ಲುತ್ತಿತ್ತು. ಅಂದರೆ ವೈ ಎರಡು ಬಗೆಯ ಕೆಲಸ ಮಾಡುತ್ತದೆ: ಹೆಣ್ಣು ಭಾಗವನ್ನು ಅದುಮುವುದು ಮತ್ತು ಗಂಡು ಭಾಗವನ್ನು ಬೆಳೆಸುವುದು. ಪೂರ್ವಜ ಗಿಡಗಳಲ್ಲಿ ಎರಡೂ ಭಾಗ ಇದ್ದವು ಎಂಬುದಕ್ಕೆ ಇದು ಒಳ್ಳೆಯ ಸೂಚನೆ.

ವೈ ಇಲ್ಲದ ಹೆಣ್ಣು ಗಿಡದಲ್ಲೂ ಕೇಸರದ ಮೊಳಕೆ ಹುಟ್ಟುತ್ತದೆ. ಮೊಗ್ಗು ತೀರ ಎಳೆಯದಾಗಿದ್ದಾಗಲೇ ಅದರ ಬೆಳವಣಿಗೆ ನಿಂತುಹೋಗುತ್ತದೆ. ನಿಂತ ಈ ಬೆಳವಣಿಗೆಯನ್ನು ಮತ್ತೆ ನಡೆಸಬಲ್ಲ ಜೀವಿಯೊಂದಿದೆ, ಮೈಕ್ರೊಬೋಟ್ರಿಯಂ ಎಂಬ ಶಿಲೀಂಧ್ರ.

ಜೋಳದ ತೆನೆಗೋ ಕಬ್ಬಿಗೋ ಕಾಡಿಗೆ ರೋಗ ಬಂದು ಕರಿ ಪುಡಿ ಉದುರುವುದನ್ನು ಹಳ್ಳಿಯ ವಿದ್ಯಾರ್ಥಿಗಳು ನೋಡಿರಬಹುದು. ಕ್ಯಾಂಪಿಯನ್ನಿಗೆ ತಗಲುವ ಈ ರೋಗವನ್ನೂ ಕಾಡಿಗೆ ರೋಗವೆಂದೇ ಕರೆಯುತ್ತಾರೆ. (ವಂಶದಲ್ಲಿ ಈ ಶಿಲೀಂಧ್ರ ತುಕ್ಕು ರೋಗದ ಶಿಲೀಂಧ್ರಗಳಿಗೇ ಹತ್ತಿರ ಎಂದು ಈಗ ಗೊತ್ತಾಗಿದೆ, ಹೆಸರು ಮಾತ್ರ ಉಳಿದುಕೊಂಡಿದೆ.) ರೋಗ ಹಿಡಿದ ಗಂಡು ಹೂವಿನ ಪರಾಗಕೋಶಗಳಲ್ಲಿ ಹಳದಿ ಪರಾಗದ ಬದಲು ನೇರಳೆಗಪ್ಪು ಬೀಜಕಗಳು ತುಂಬಿರುತ್ತವೆ. ಹೆಣ್ಣು ಗಿಡಕ್ಕೆ ರೋಗ ತಗಲಿದರೆ? ಅಲ್ಲಿ ಪರಾಗಕೋಶವೇ ಇಲ್ಲವಲ್ಲ! ಶಿಲೀಂಧ್ರ ಅಲ್ಲಿ ಪರಾಗಕೋಶವನ್ನು ಬೆಳೆಯಿಸಿಕೊಳ್ಳುತ್ತದೆ. ಹೆಣ್ಣು ಹೂವಿನಲ್ಲಿ ಕೇಸರಗಳು ಪೂರ್ತಿ ಉದ್ದಕ್ಕೆ ಬೆಳೆಯುತ್ತವೆ, ಅಂಡಾಶಯ ಸೊರಗುತ್ತದೆ, ಕೇಸರದ ತುದಿಯಲ್ಲಿ ಕಾಡಿಗೆ ತುಂಬುತ್ತದೆ. ವರ್ಣತಂತು ನೋಡಿದರೆ ಈಗಲೂ ಎಕ್ಸ್ ಎಕ್ಸ್. ಹೂ ನೋಡಿದರೆ ಗಂಡು. ಟೆಲಿವಿಷನ್ ಕ್ಯಾಮೆರಾದ ಸಮೀಪ ಮಸೂರದಲ್ಲಿ ಎರಡೂ ಹೂಗಳನ್ನು ಅಕ್ಕಪಕ್ಕ ತೋರಿಸಿದರೆ ವಿವರಣೆಯೇ ಬೇಡ ಎನ್ನುವಷ್ಟು ಸ್ಪಷ್ಟವಾದ ದೃಶ್ಯ ಇದು.

ರೋಗದ ಗಿಡ ಸಾಯುವುದಿಲ್ಲ, ಆದರೆ ಬಂಜೆಯಾಗುತ್ತದೆ. ಮಕರಂದಕ್ಕೆ ಬಂದ ಕೀಟ ಪರಾಗವೆಂದೇ ಬೀಜಕಗಳನ್ನು ಮೈಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಒಯ್ಯುತ್ತದೆ. ಗಿಡದ ಸಂತಾನಕ್ಕೆ ಬೇಕಾದ ಸಂಪರ್ಕವೇ ರೋಗದ ದಾರಿಯಾಗುತ್ತದೆ. ಇದರಿಂದಾಗಿ ವಿಜ್ಞಾನಿಗಳು ಇದನ್ನು ಪ್ರಾಣಿಗಳ ಲೈಂಗಿಕ ರೋಗಗಳಿಗೆ ಹೋಲಿಸುತ್ತಾರೆ. ಮನುಷ್ಯರಲ್ಲಿ ಇಂಥ ರೋಗ ಹೇಗೆ ಹರಡುತ್ತದೆಂದು ಪ್ರಯೋಗ ಮಾಡಿ ನೋಡಲಾಗದು. ರಸ್ತೆ ಬದಿಯ ಗಿಡಗಳಲ್ಲಿ ನೋಡಬಹುದು. ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಆಂಟೊನೊವಿಕ್ಸ್ ಮತ್ತು ಸಂಗಡಿಗರು 1988ರಲ್ಲಿ ಇಂಥ ಗಣತಿ ಆರಂಭಿಸಿದರು. ರಸ್ತೆಯ ಬದಿಯನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ, ಯಾವುದರಲ್ಲಿ ಎಷ್ಟು ಆರೋಗ್ಯದ ಗಿಡ, ಎಷ್ಟು ರೋಗದ ಗಿಡ ಎಂದು ವರ್ಷ ವರ್ಷವೂ ಎಣಿಸಿದರು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಹೂವಿನ ಬಾಯಿ ಕಪ್ಪಾಗಿದೆಯೆ ಎಂದು ಬಗ್ಗಿ ನೋಡಿದರೆ ಸಾಕು.

ಬೀಜಕಗಳನ್ನು ಸಾಗಿಸುವ ಕೀಟಗಳಲ್ಲಿ ಪತಂಗಗಳು ಮುಖ್ಯ. ಕೆಂಪು ಕ್ಯಾಂಪಿಯನ್ ಹಗಲಿನಲ್ಲಿ ಅರಳಿ ದುಂಬಿಗಳನ್ನು ಕರೆದರೆ, ಬಿಳಿ ಕ್ಯಾಂಪಿಯನ್ ಮುಸ್ಸಂಜೆಗೆ ಅರಳಿ ಕಂಪು ಬೀರುತ್ತದೆ. ಯುರೋಪಿನಲ್ಲಿ ಅದಕ್ಕೆ ಬರುವ ಹಡೀನ ಎಂಬ ಪತಂಗದ ಸ್ನೇಹ ವಿಚಿತ್ರವಾದದ್ದು. ಹೆಣ್ಣು ಪತಂಗ ಪರಾಗ ಮುಟ್ಟಿಸುತ್ತದೆ, ಅದೇ ಹೂವಿನೊಳಗೆ ಮೊಟ್ಟೆಯನ್ನೂ ಇಡುತ್ತದೆ. ಹುಟ್ಟಿದ ಮರಿಹುಳು ಬಲಿಯುತ್ತಿರುವ ಬೀಜಗಳನ್ನು ತಿನ್ನುತ್ತದೆ. ಎರಡು ಕ್ಯಾಂಪಿಯನ್‌ಗಳೂ ಜೊತೆಯಲ್ಲಿ ಬೆಳೆಯುವ ಕಡೆ ಕೀಟಗಳ ಓಡಾಟದಿಂದ ಸಂಕರವಾಗಿ ತಿಳಿಗೆಂಪಿನ ಹೂಗಳು ಕಾಣುತ್ತವೆ. ಮೆಂಡೆಲ್ ಕೈಯಾರೆ ಮಾಡಿದ್ದು ಇದನ್ನೇ.

ವೈ ವರ್ಣತಂತುವಿನ ಯಾವ ವಂಶವಾಹಿ ಹೆಣ್ಣು ಭಾಗವನ್ನು ಅದುಮುತ್ತದೆ ಎಂಬ ಹುಡುಕಾಟ ವೆಸ್ಟರ್‌ಗಾರ್ಡ್ ನಂತರ ಬಹಳ ಕಾಲ ಎಳೆಯಿತು. 2022ರಲ್ಲಿ ಜಪಾನಿನ ತಂಡವೊಂದು ಅಂಥ ಒಂದು ವಂಶವಾಹಿಯನ್ನು ಗುರುತಿಸಿ ಪ್ರಕಟಿಸಿತು. ಇಷ್ಟು ತಡವೇಕೆ ಎನ್ನುತ್ತೀರಾ? ಆ ವರ್ಣತಂತುವಿನ ಗಾತ್ರವೇ ಕಾರಣ. ಮನುಷ್ಯನ ವೈ ವರ್ಣತಂತುವಿನ ಪೂರ್ಣ ಬರಹವನ್ನು ಓದಿ ಮುಗಿಸಿದ್ದು 2023ರಲ್ಲಿ; ಅದರಲ್ಲಿ ಸುಮಾರು 6.2 ಕೋಟಿ ಅಕ್ಷರಗಳಿವೆ. 2025ರಲ್ಲಿ ಎರಡು ತಂಡಗಳು ಒಂದೇ ಸಮಯಕ್ಕೆ ಪ್ರಕಟಿಸಿದ ಕ್ಯಾಂಪಿಯನ್ನಿನ ವೈ ಸುಮಾರು 50 ಕೋಟಿ ಅಕ್ಷರಗಳಷ್ಟು ಉದ್ದ. ನಮ್ಮದರ ಎಂಟು ಪಟ್ಟು! ಹೆಚ್ಚಿನ ಭಾಗ ಒಂದೇ ವಾಕ್ಯವನ್ನು ಮತ್ತೆ ಮತ್ತೆ ನಕಲು ಮಾಡಿದಂಥ ಪುನರಾವರ್ತನೆ. ಒಂದೇ ಚಿತ್ರದ ಸಾವಿರ ತುಂಡುಗಳನ್ನು ಜೋಡಿಸಿ ಯಾವುದು ಎಲ್ಲಿಗೆ ಸೇರಬೇಕೆಂದು ಹುಡುಕಿದಂತೆ ಆ ಕೆಲಸ.

ವಯಸ್ಸಿನಲ್ಲಿ ಮಾತ್ರ ಇದು ಚಿಕ್ಕದು. ಸ್ತನಿಗಳ ವೈ ಹದಿನೈದು ಕೋಟಿ ವರ್ಷಗಳಿಗೂ ಹಳೆಯದು, ಈ ಅವಧಿಯಲ್ಲಿ ಅದು ಸವೆದು ತನ್ನ ಹೆಚ್ಚಿನ ವಂಶವಾಹಿಗಳನ್ನು ಕಳೆದುಕೊಂಡಿದೆ. ಕ್ಯಾಂಪಿಯನ್ನಿನ ವೈ ಹುಟ್ಟಿ ಸುಮಾರು ಒಂದು ಕೋಟಿ ವರ್ಷವಾಗಿದೆ. ಎಕ್ಸ್ ಮತ್ತು ವೈ ತಮ್ಮ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುವುದನ್ನು ನಿಲ್ಲಿಸಿದ ಮೇಲೆ ವೈಯಲ್ಲಿ ಏನೇನು ಕೆಡುತ್ತದೆ, ಯಾವ ಕ್ರಮದಲ್ಲಿ ಕೆಡುತ್ತದೆ ಎಂಬುದನ್ನು ನಮ್ಮ ಹಳೆಯ ವೈಯಲ್ಲಿ ಹುಡುಕಿದರೆ ಕುರುಹು ಅಳಿಸಿಹೋಗಿರುತ್ತದೆ. ಕ್ಯಾಂಪಿಯನ್ನಿನ ಗಂಡು ಗಿಡದಲ್ಲಿ ಅದು ಈಗ ನಡೆಯುತ್ತಿದೆ.